ದೂರು ಕೊಟ್ಟಾಯಿತು, ಮಗು ಮರಳಿ ಬಂದಿತು. ಇನ್ನು ಚಿಕಿತ್ಸೆ ಯಾರ ಪಾಲಿಗೆ?

ಬಯಲುಸೀಮೆ ಮೇಷ್ಟ್ರು:

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನಮ್ಮ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ತಾಯಿ ತೀರಿಕೊಂಡಿದ್ದಾಳೆ, ತಂದೆ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಹುಡುಗನೂ ಅವನ ತಂಗಿಯೂ ದೊಡ್ಡಪ್ಪನ ಮನೆಯಲ್ಲಿದ್ದರು. ಸೋಮವಾರದ ಬಿಸಿಯೂಟದಲ್ಲಿ ಆತ ಮೂರು ಬಾರಿ ಅನ್ನ ಹಾಕಿಸಿಕೊಳ್ಳುತ್ತಿದ್ದ. ಭಾನುವಾರ ಆ ಮಕ್ಕಳಿಗೆ ಯಾರೂ ಊಟಕ್ಕೆ ಇಡುವುದಿಲ್ಲವೆಂಬುದು ಅಡುಗೆಯ ಅಮ್ಮನವರಿಗೆ ನನಗಿಂತ ಮೊದಲೇ ತಿಳಿದಿತ್ತು. ಅವರು ಕೇಳದೆಯೇ ಬಡಿಸುತ್ತಿದ್ದರು, ನಾನು ಹೊಟ್ಟೆಬಾಕನೆಂದು ತಮಾಷೆ ಮಾಡುತ್ತಿದ್ದೆ. ಆ ತಮಾಷೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಅವನ ಮೊಣಕೈ ಮೇಲೆ ಬೀಡಿಯಿಂದ ಸುಟ್ಟ ಮೂರು ಗುರುತುಗಳನ್ನು ಕಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಎರಡು ದಿನಗಳಲ್ಲಿ ಜಿಲ್ಲೆಯಿಂದ ಬಂದವರು ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು. ಹುಡುಗನನ್ನು ಬಾಲಕರ ಬಾಲಮಂದಿರಕ್ಕೂ ತಂಗಿಯನ್ನು ಬಾಲಕಿಯರ ಬಾಲಮಂದಿರಕ್ಕೂ ಕಳುಹಿಸಿದರು. ಎರಡು ತಿಂಗಳಾದ ಮೇಲೆ ತಾಯಿಯ ತಾಯಿ ಮುಂದೆ ಬಂದದ್ದರಿಂದ ಇಬ್ಬರನ್ನೂ ಆಕೆಯ ವಶಕ್ಕೆ ಒಪ್ಪಿಸಿ ಆದೇಶವಾಯಿತು. ಅಜ್ಜಿಯದೂ ಇದೇ ಊರು.

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಮರಳಿ ಬಂದ ಹುಡುಗ ಹೋದ ಹುಡುಗನಲ್ಲ. ಮಾತು ನಿಂತಿದೆ. ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಾನೆಂದು ಅಜ್ಜಿ ಹೇಳುತ್ತಾಳೆ. ಹಿಂದಿನಿಂದ ಯಾರಾದರೂ ಹೆಗಲು ಮುಟ್ಟಿದರೆ ತಿರುಗಿ ಹೊಡೆಯುತ್ತಾನೆ. ಅವನ ಪಾಟಿಚೀಲದ ತಳದಲ್ಲಿ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿಟ್ಟ, ಒಣಗಿ ಬೂಸ್ಟು ಹಿಡಿದ ರೊಟ್ಟಿಯ ಚೂರುಗಳು ಸಿಕ್ಕವು. ಕಡತದಲ್ಲಿ “ಮಗುವಿಗೆ ಆಪ್ತಸಮಾಲೋಚನೆ ನೀಡಲಾಗಿದೆ” ಎಂಬ ಒಂದು ವಾಕ್ಯವಿದೆಯಂತೆ. ಆ ಒಂದು ವಾಕ್ಯಕ್ಕೇ ಚಿಕಿತ್ಸೆ ಮುಗಿಯಿತೇ? ಊರಿನಲ್ಲಿ “ಮೇಷ್ಟ್ರು ಮಕ್ಕಳನ್ನು ಹಿಡಿದುಕೊಟ್ಟರು” ಎಂಬ ಮಾತು ಬೇರೆ ಹುಟ್ಟಿಕೊಂಡಿದೆ. ನನ್ನಿಂದ ಆದದ್ದು ಒಳಿತೋ ಕೆಡುಕೋ ಎಂಬುದೇ ತಿಳಿಯದಾಗಿದೆ. ಬಲ್ಲವರು ತಿಳಿಸಬೇಕು.

ವೇದಿಕೆಯ ನಿರ್ವಾಹಕಿ:

ಮೇಷ್ಟ್ರು ಊರನ್ನೂ ಕೆಲವು ವಿವರಗಳನ್ನೂ ಬದಲಿಸಿ ಬರೆದಿದ್ದಾರೆಂದು ನನಗೆ ಪ್ರತ್ಯೇಕವಾಗಿ ತಿಳಿಸಿದ್ದಾರೆ. ಉತ್ತರಿಸುವವರೂ ಹಾಗೆಯೇ ಮಾಡಬೇಕು. ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಇತ್ಯಾದಿ ಗುರುತು ಸಿಗುವ ಯಾವುದನ್ನೂ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಸದುದ್ದೇಶದಿಂದ ಹಾಕಿದ ಫೋಟೊಗೂ ಅದರಲ್ಲಿ ವಿನಾಯಿತಿ ಇಲ್ಲ.

ಸಮಿತಿಯ ಮಾಜಿ ಸದಸ್ಯೆ:

ಮೇಷ್ಟ್ರೇ, ನೀವು ಮಾಡಿದ್ದು ಸರಿಯಾಗಿಯೇ ಇದೆ. ಅಲ್ಲಿಂದ ಮುಂದೆ ನಾವು ಮಾಡಬೇಕಾದದ್ದು ಅರ್ಧಕ್ಕೆ ನಿಂತಿರುವಂತೆ ತೋರುತ್ತದೆ. ನಾನು ಬೇರೊಂದು ಜಿಲ್ಲೆಯ ಸಮಿತಿಯಲ್ಲಿ ಒಂದು ಅವಧಿಗೆ ಕೆಲಸ ಮಾಡಿದವಳಾದ್ದರಿಂದ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುತ್ತೇನೆ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಮಗು ಸಿಕ್ಕ ಮೇಲೆ, ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಗಳೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು; ಮೊದಲ ಹಾಜರಿಯಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಹೊರಡಬೇಕು. ಇದೆಲ್ಲ ನಿಮ್ಮ ಪ್ರಕರಣದಲ್ಲಿ ಬಹುಮಟ್ಟಿಗೆ ನಡೆದಿದೆ. ನೀವು ಕೇಳಬೇಕಾದ ಕಾಗದ ಬೇರೆಯದು, ಅದು ವೈಯಕ್ತಿಕ ಆರೈಕೆ ಯೋಜನೆ. ಪ್ರತಿಯೊಂದು ಮಗುವಿಗೂ ಆಹಾರ, ಆರೋಗ್ಯ, ಮನಸ್ಸಿನ ಸ್ಥಿತಿ, ಓದು, ಸಂಬಂಧಗಳು, ಹಿಂದೆ ಅನುಭವಿಸಿದ ಹಿಂಸೆ ಎಲ್ಲವನ್ನೂ ಗಮನಿಸಿ ಅಂಥದ್ದೊಂದು ಯೋಜನೆಯನ್ನು ಬರೆಯಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಮಗು ಮನೆಗೆ ಮರಳಿದ ಕೂಡಲೇ ಅದು ರದ್ದಾಗುವುದಿಲ್ಲ. ಮರಳಿದ ಮೇಲೆ ಯಾರು, ಎಷ್ಟು ದಿನಕ್ಕೊಮ್ಮೆ ಹೋಗಿ ನೋಡಬೇಕೆಂಬುದೂ ಅದರಲ್ಲಿ ಸೇರಬೇಕು, ಆ ಭೇಟಿಗಳ ಹೊಣೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು.

ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿ ಮಾಡಿಬಿಡುತ್ತೇನೆ. ಬೆಳಗಿನಿಂದ ಇಪ್ಪತ್ತು ಕಡತಗಳು ಮೇಜಿನ ಮೇಲಿರುವಾಗ ಆ ಯೋಜನೆಯ ನಮೂನೆಯನ್ನು ಆಪ್ತಸಮಾಲೋಚಕರು ಒಂದೇ ಪೆನ್ನಿನಲ್ಲಿ, ಒಂದೇ ಮಾತುಗಳಲ್ಲಿ ಹತ್ತು ಮಕ್ಕಳಿಗೆ ತುಂಬಿ ತಂದರೂ ನಾವು ಸಹಿ ಹಾಕಿದ್ದುಂಟು. ಅಣ್ಣತಂಗಿಯರನ್ನು ಬೇರೆ ಬೇರೆ ಬಾಲಮಂದಿರಗಳಿಗೆ ಕಳುಹಿಸಿದ್ದೂ ಉಂಟು. ಪೋಷಕತ್ವದಲ್ಲಿ, ಎಂದರೆ ಬೇರೊಂದು ಕುಟುಂಬದ ಆಶ್ರಯದಲ್ಲಿ, ಇಡುವಾಗ ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಒಟ್ಟಿಗೆ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಪೋಷಕ ಕುಟುಂಬಗಳೇ ಸಿಗದಾಗ ಗಂಡುಮಕ್ಕಳ ಕಟ್ಟಡ ಒಂದು ಕಡೆ, ಹೆಣ್ಣುಮಕ್ಕಳ ಕಟ್ಟಡ ಇನ್ನೊಂದು ಕಡೆ. ನಿಮ್ಮ ಹುಡುಗ ಎರಡು ತಿಂಗಳು ತಂಗಿಯನ್ನು ಎಷ್ಟು ಬಾರಿ ನೋಡಿದ ಎಂಬುದನ್ನು ವಿಚಾರಿಸಿ. ಅವನ ಮೌನದ ಒಂದು ಪಾಲು ಅಲ್ಲಿರಬಹುದು.

ಈಗ ಮಾಡಬೇಕಾದದ್ದು ಇಷ್ಟು. ಮಗುವಿನ ಈಗಿನ ಸ್ಥಿತಿಯನ್ನು ದಿನಾಂಕಗಳೊಂದಿಗೆ ಒಂದು ಪುಟದಲ್ಲಿ ಬರೆದು, ಚಿಕಿತ್ಸೆಗೂ ಮರುಭೇಟಿಗೂ ಆದೇಶ ಕೋರಿ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಜಿಲ್ಲಾಧಿಕಾರಿಯವರಿಗೆ ಬರೆಯಿರಿ. 2021ರ ತಿದ್ದುಪಡಿಯ ನಂತರ ಸಮಿತಿಯ ಕಾರ್ಯವೈಖರಿಯ ಬಗೆಗಿನ ಅಹವಾಲನ್ನು ಕೇಳಬೇಕಾದವರು ಅವರೇ, ಮತ್ತು ಮಗುವಿಗೆ ಸಂಬಂಧಪಟ್ಟ ಯಾರು ಬೇಕಾದರೂ ಅದನ್ನು ಸಲ್ಲಿಸಬಹುದು.

ನಿವೃತ್ತ ಗುಮಾಸ್ತ:

ನನ್ನ ಮಾತು ಇಲ್ಲಿ ಯಾರಿಗೂ ಹಿಡಿಸಲಾರದು, ಆದರೂ ಬರೆಯುತ್ತೇನೆ. ಹಳ್ಳಿಯಲ್ಲಿ ಹಿರಿಯರು ಕುಳಿತು ದೊಡ್ಡಪ್ಪನಿಗೆ ಬುದ್ಧಿ ಹೇಳಿ, ಅಜ್ಜಿಯ ಮನೆಗೆ ಮಕ್ಕಳನ್ನು ಕಳುಹಿಸಿದ್ದರೆ ಎರಡೇ ದಿನಗಳಲ್ಲಿ ಮುಗಿಯುತ್ತಿದ್ದ ಕೆಲಸವಿದು. ಪೊಲೀಸು, ಸಮಿತಿ, ಬಾಲಮಂದಿರ ಎಂದು ತಿರುಗಾಡಿಸಿ, ಕೊನೆಗೂ ಅದೇ ಅಜ್ಜಿಯ ಮನೆಗೆ ತಂದುಬಿಟ್ಟಿರಿ. ನಡುವೆ ಹುಡುಗ ಮಾತು ಕಳೆದುಕೊಂಡ. ಹೊಡೆತ ತಿನ್ನದೆ ಬೆಳೆದವರು ನಮ್ಮ ಕಾಲದಲ್ಲಿ ಯಾರಿದ್ದರು? ಎಲ್ಲದಕ್ಕೂ ಇಲಾಖೆಯನ್ನು ಕರೆದರೆ ಕುಟುಂಬವೆಂಬುದು ಉಳಿಯುವುದಿಲ್ಲ.

ಸಮಿತಿಯ ಮಾಜಿ ಸದಸ್ಯೆ:

ಹಿರಿಯರೇ, ಕೊನೆಗೆ ಅಜ್ಜಿಯ ಮನೆಗೇ ಬಂದರೆಂಬ ನಿಮ್ಮ ಮಾತಿನಲ್ಲಿ ಸತ್ಯವಿದೆ. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿಯಾಗಬೇಕೆಂಬುದು ಕಾಯ್ದೆಯ ಮೂಲತತ್ತ್ವಗಳಲ್ಲೊಂದು. ಮೊದಲ ದಿನವೇ ಅಜ್ಜಿಯನ್ನು ಹುಡುಕದಿದ್ದುದು ಲೋಪವೇ ಸರಿ. ಆದರೆ ಊರ ಹಿರಿಯರಿಗೆ ಆ ಸುಟ್ಟ ಗುರುತುಗಳು ಕಾಣುತ್ತಿರಲಿಲ್ಲವೇ? ಒಂದೇ ಕೇರಿಯಲ್ಲಿ ಇರುವವರು ಅವರು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ, ಅದು ಹಳೆಯ ಲೆಕ್ಕವೂ ಹೌದು. ಆದರೂ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾದವರೆಂದೂ, ಮನೆಯೊಳಗೆ ಪೆಟ್ಟು ತಿಂದವರಲ್ಲಿ ಬಹುಪಾಲು ಮಕ್ಕಳಿಗೆ ಹೊಡೆದವರು ಹೆತ್ತವರೇ ಎಂದೂ ಅದರಲ್ಲಿ ಕಂಡುಬಂದಿತ್ತು. ಮನೆಯ ಮಾತು ಮನೆಯೊಳಗೇ ಮುಗಿಯಲಿ ಎಂದು ಬಿಟ್ಟದ್ದರ ಲೆಕ್ಕವದು.

ಬಾಲಮಂದಿರದ ಹಳೆಯ ಹುಡುಗ:

ಈ ವೇದಿಕೆಯನ್ನು ಓದುತ್ತಿದ್ದೆ, ಎಂದೂ ಬರೆದಿರಲಿಲ್ಲ. ಎಂಟನೆಯ ವಯಸ್ಸಿನಿಂದ ಹದಿನೆಂಟರವರೆಗೆ ನಾನು ಬಾಲಮಂದಿರದಲ್ಲಿ ಬೆಳೆದವನು. ಈಗ ಇಪ್ಪತ್ತೇಳು ವರ್ಷ, ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೇನೆ.

ನಿವೃತ್ತ ಗುಮಾಸ್ತರಿಗೆ ಹೇಳುವುದಿಷ್ಟೆ: ನನ್ನನ್ನು ಮನೆಯಿಂದ ಕರೆದೊಯ್ಯದಿದ್ದರೆ ನಾನು ಉಳಿಯುತ್ತಿರಲಿಲ್ಲ. ಹಾಗೆಂದು ಬಾಲಮಂದಿರ ನನಗೆ ಮನೆಯಾಯಿತೆಂದೂ ಅಲ್ಲ. ಅಲ್ಲಿ ನನಗೆ ಒಂದು ಟ್ರಂಕು, ಎರಡು ಜೊತೆ ಬಟ್ಟೆ, ಮೂರು ಹೊತ್ತಿನ ಊಟ ಸಿಕ್ಕಿದವು. ರಾತ್ರಿ ಯಾರೂ ಹೊಡೆಯಲಾರರೆಂದು ನಂಬಲು ಮೊದಲ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಮಂಚದ ಕೆಳಗೆ ಮಲಗುತ್ತಿದ್ದೆ.

ಸಮಾಲೋಚನೆಯ ಬಗ್ಗೆ ಕೇಳಿದ್ದೀರಿ. ಹತ್ತು ವರ್ಷಗಳಲ್ಲಿ ಏಳು ಮಂದಿ ಆಪ್ತಸಮಾಲೋಚಕರು ಬಂದುಹೋದರು. ಎಲ್ಲರೂ ಒಳ್ಳೆಯವರು, ಎಲ್ಲರೂ ಗುತ್ತಿಗೆಯ ಮೇಲಿದ್ದವರು, ಸಂಬಳ ತಡವಾದಾಗ ಬೇರೆ ಕೆಲಸ ಹುಡುಕಿಕೊಂಡು ಹೋದವರು. ಹೊಸಬರು ಬಂದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: “ಏನಾಯಿತು ಪುಟ್ಟ, ಹೇಳು.” ಅವರ ಜೊತೆಗೆ ತರಬೇತಿಗೆ ಬಂದ ಸಮಾಜಕಾರ್ಯದ ವಿದ್ಯಾರ್ಥಿಗಳೂ ಅದನ್ನೇ ಕೇಳುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ನಾನು ನನ್ನ ಕಥೆಯನ್ನು ಹತ್ತು ನಿಮಿಷಗಳಲ್ಲಿ, ಎಲ್ಲಿ ಅಳಬೇಕೋ ಅಲ್ಲಿ ಅತ್ತು, ಪದ್ಯ ಒಪ್ಪಿಸಿದಂತೆ ಒಪ್ಪಿಸಲು ಕಲಿತಿದ್ದೆ. ಅದು ಚಿಕಿತ್ಸೆಯಲ್ಲ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನನ್ನದೇ ದುಡ್ಡಿನಿಂದ ಒಬ್ಬ ಮನಃಶಾಸ್ತ್ರಜ್ಞರ ಬಳಿ ಹೋದಾಗ. ಅವರು ಮೂರು ತಿಂಗಳವರೆಗೆ ಆ ಪ್ರಶ್ನೆಯನ್ನೇ ಎತ್ತಲಿಲ್ಲ.

ಬಾಲಮಂದಿರದಲ್ಲಿ ನನ್ನನ್ನು ಉಳಿಸಿದವರು ಅಡುಗೆಯವರು. ಅವರು ಬದಲಾಗಲಿಲ್ಲ. ಪ್ರತಿ ಬೆಳಿಗ್ಗೆ ಐದೂವರೆಗೆ ಅವರ ಕೆಮ್ಮು ಕೇಳಿಸುತ್ತಿತ್ತು. ಮೇಷ್ಟ್ರೇ, ಆ ರೊಟ್ಟಿಯ ಚೂರುಗಳನ್ನು ದಯವಿಟ್ಟು ಎಸೆಯಬೇಡಿ, ಎಲ್ಲರೆದುರು ಚೀಲ ತಪಾಸಣೆ ಮಾಡಲೂ ಬೇಡಿ. ನಾನು ಚಪಾತಿಯನ್ನು ದಿಂಬಿನ ಚೀಲದಲ್ಲಿ ಇಡುತ್ತಿದ್ದೆ. ಅಡುಗೆಯವರು ಅದನ್ನು ಕಂಡು ಒಂದು ಡಬ್ಬಿ ಕೊಟ್ಟರು, “ಇದರಲ್ಲಿಡು, ಇರುವೆ ಬರುವುದಿಲ್ಲ” ಎಂದರು. ಆ ಡಬ್ಬಿ ಖಾಲಿಯಾಗಿ ಇರಲು ಎರಡು ವರ್ಷ ಬೇಕಾಯಿತು. ಈಗಲೂ ಅದು ನನ್ನ ಬಳಿ ಇದೆ, ಸ್ಕ್ರೂಗಳನ್ನು ಹಾಕಿಟ್ಟಿದ್ದೇನೆ.

ಜಿಲ್ಲಾಸ್ಪತ್ರೆಯ ಮನೋವೈದ್ಯೆ:

ಮೇಲಿನವರು ಬರೆದದ್ದರ ಮುಂದೆ ನನ್ನ ಪಠ್ಯಪುಸ್ತಕದ ಮಾತುಗಳು ಸಪ್ಪೆಯೆನಿಸುತ್ತವೆ, ಆದರೂ ಮೇಷ್ಟ್ರು ಕೇಳಿದ ಪ್ರಶ್ನೆಗೆ ವೈದ್ಯಕೀಯ ಉತ್ತರವೂ ಬೇಕು.

ಆ ಹುಡುಗನ ನಡವಳಿಕೆಯಲ್ಲಿ ವಿಚಿತ್ರವಾದದ್ದು ಏನೂ ಇಲ್ಲ. ಊಟ ಯಾವಾಗ ತಪ್ಪುತ್ತದೆಂದು ತಿಳಿಯದ ಮನೆಯಲ್ಲಿ ಊಟವನ್ನು ಬಚ್ಚಿಡುವುದು ಬುದ್ಧಿವಂತಿಕೆ. ಹಿಂದಿನಿಂದ ಬರುವ ಕೈ ಹೊಡೆಯಲೆಂದೇ ಬರುವ ಮನೆಯಲ್ಲಿ ತಿರುಗಿ ಹೊಡೆಯುವುದು ಎಚ್ಚರಿಕೆ. ಮನೆ ಬದಲಾದರೂ ಮೈಗೆ ಅದು ಇನ್ನೂ ತಿಳಿದಿಲ್ಲ. ಅಪಾಯ ಮುಗಿಯಿತೆಂದು ಬಾಯಿಯಲ್ಲಿ ಹೇಳಿದರೆ ಸಾಲದು, ದಿನವೂ ಒಂದೇ ಹೊತ್ತಿಗೆ ಅದೇ ಮುಖ, ಅದೇ ಊಟ, ಅದೇ ಹಾಸಿಗೆ ಸಿಗುತ್ತಾ ಹೋದಾಗ ಮೈ ಅದನ್ನು ನಿಧಾನವಾಗಿ ಕಲಿಯುತ್ತದೆ. ಆದ್ದರಿಂದ ಚಿಕಿತ್ಸೆಯ ಮೊದಲ ಭಾಗ ನನ್ನ ಕೋಣೆಯಲ್ಲಿ ನಡೆಯುವುದಿಲ್ಲ.

ಮೊದಲು ಮೈಯನ್ನು ನೋಡಿಸಿ. ಹಾಸಿಗೆ ಒದ್ದೆಯಾಗುವ ಮಗುವಿಗೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರಕ್ತಹೀನತೆ, ಜಂತುಹುಳು, ಕಿವಿ, ಕಣ್ಣು ಇವುಗಳ ತಪಾಸಣೆ ಆಗಬೇಕು. ನಿರ್ಲಕ್ಷ್ಯದಲ್ಲಿ ಬೆಳೆದ ಮಕ್ಕಳಲ್ಲಿ ಕಿವಿ ಸೋರಿ ಸೋರಿ ಕೇಳಿಸುವುದೇ ಕಡಿಮೆಯಾಗಿದ್ದು, ಶಾಲೆಯಲ್ಲಿ ಅವರನ್ನು ಮೊದ್ದರೆಂದು ಕರೆದದ್ದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಿಂದಲೇ ಇದನ್ನು ಆರಂಭಿಸಬಹುದು.

ಅನಂತರ ಮನಸ್ಸಿನ ಚಿಕಿತ್ಸೆ. ಹಿಂಸೆಗೆ ಒಳಗಾದ ಮಕ್ಕಳಿಗೆ ಹೆಚ್ಚು ಪುರಾವೆಯಿರುವ ವಿಧಾನವೊಂದನ್ನು ಅಮೆರಿಕದಲ್ಲಿ ಜುಡಿತ್ ಕೋಹೆನ್, ಆಂಥೊನಿ ಮನ್ನರಿನೊ, ಎಸ್ತರ್ ಡೆಬ್ಲಿಂಗರ್ ರೂಪಿಸಿದರು. ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆ ಎನ್ನಬಹುದು. ಸಾಮಾನ್ಯವಾಗಿ 12ರಿಂದ 16 ಭೇಟಿಗಳು. ಅದರ ಕ್ರಮವನ್ನು ಗಮನಿಸಿ: ಮೊದಲ ಭೇಟಿಗಳಲ್ಲಿ ಮಗು ತನ್ನ ಭಾವನೆಗೆ ಹೆಸರಿಡುವುದನ್ನೂ, ಉಸಿರಾಟದಿಂದ ಮೈಯನ್ನು ಶಾಂತಗೊಳಿಸುವುದನ್ನೂ ಕಲಿಯುತ್ತದೆ. ನಡೆದದ್ದರ ನೆನಪಿಗೆ ಹೋಗುವುದು ನಡುಭಾಗದಲ್ಲಿ, ಅದೂ ಸ್ವಲ್ಪಸ್ವಲ್ಪವಾಗಿ. ಪ್ರತಿ ಹಂತದಲ್ಲೂ ಮಗುವನ್ನು ಸಾಕುವವರಿಗೆ ಪ್ರತ್ಯೇಕ ಸಮಯ ಮೀಸಲಿರುತ್ತದೆ, ಏಕೆಂದರೆ ವಾರದಲ್ಲಿ ಒಂದು ಗಂಟೆ ನನ್ನದು, ಉಳಿದ ಗಂಟೆಗಳೆಲ್ಲ ಅಜ್ಜಿಯವು. ಮಾತ್ರೆಗಳಿಗೆ ಇಲ್ಲಿ ಸಣ್ಣ ಪಾತ್ರ ಮಾತ್ರ. ನಿದ್ದೆಯೇ ಬಾರದಿದ್ದರೆ, ತೀವ್ರ ಖಿನ್ನತೆಯಿದ್ದರೆ ಯೋಚಿಸುತ್ತೇವೆ.

ಬಾಲಮಂದಿರವೇ ಅಥವಾ ಅಜ್ಜಿಯ ಮನೆಯೇ ಎಂಬ ಪ್ರಶ್ನೆಗೂ ಒಂದು ಮಾತು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಅನಾಥಾಲಯಗಳ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಪೋಷಕ ಕುಟುಂಬಗಳಿಗೆ ಕಳುಹಿಸಿ, ವರ್ಷಗಟ್ಟಲೆ ಗಮನಿಸಿದರು. ಕುಟುಂಬಕ್ಕೆ ಹೋದ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು, ಬುದ್ಧಿಯ ಬೆಳವಣಿಗೆಯಲ್ಲಿಯೂ ಬಾಂಧವ್ಯದಲ್ಲಿಯೂ ಸ್ಪಷ್ಟವಾಗಿ ಮುಂದಿದ್ದರು. ಬಡ ಅಜ್ಜಿಯ ಮನೆಗೆ ಸರ್ಕಾರ ಬಲ ಕೊಡುವುದು ದಾನವಲ್ಲ, ಅದು ಚಿಕಿತ್ಸೆಯ ವೆಚ್ಚ ಎಂದು ನಾನು ಭಾವಿಸುವುದು ಇದೇ ಕಾರಣಕ್ಕೆ.

ಎಲ್ಲಿಗೆ ಹೋಗಬೇಕು ಎಂದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯ ನಡೆಯುತ್ತಿದೆಯೇ ವಿಚಾರಿಸಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ನಮ್ಮ ಕೈ ಮೀರಿದರೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಅಲ್ಲಿಯ ಸಂವಾದ್ ತಂಡ ಸಂಕಷ್ಟದಲ್ಲಿರುವ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ತರಬೇತಿಯನ್ನೂ ಕೊಡುತ್ತದೆ.

ಬಯಲುಸೀಮೆ ಮೇಷ್ಟ್ರು:

ಮೇಡಂ, ತಿಳಿಯದೆ ನಾನೂ ಅದೇ ತಪ್ಪನ್ನು ಮಾಡಿದ್ದೇನೆ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ದೊಡ್ಡಪ್ಪ ಏನು ಮಾಡಿದನೆಂದು ಎರಡು ಬಾರಿ ಕೇಳಿದೆ. ಇನ್ನು ಏನನ್ನೂ ಕೇಳಲೇಬಾರದೇ? ತಾನಾಗಿಯೇ ಹೇಳಿದರೆ ಏನು ಮಾಡಲಿ?

ಜಿಲ್ಲಾಸ್ಪತ್ರೆಯ ಮನೋವೈದ್ಯೆ:

ತಾನಾಗಿಯೇ ಹೇಳಿದರೆ ಕೆಲಸ ಬಿಟ್ಟು ಕೇಳಿ. ನಡುವೆ ಪ್ರಶ್ನೆ ಹಾಕಬೇಡಿ, ಗಾಬರಿಯನ್ನು ಮುಖದಲ್ಲಿ ತೋರಿಸಬೇಡಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. “ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ” ಎನ್ನಿ. ಅವನು ಬಳಸಿದ ಮಾತುಗಳನ್ನೇ ಅಂದೇ ಬರೆದಿಡಿ. ಲೈಂಗಿಕ ಹಿಂಸೆಯ ಸುಳಿವು ಸಿಕ್ಕಿದರೆ ಮಾತ್ರ ದಾರಿ ಬೇರೆ. ಆಗ ಪೊಲೀಸರಿಗೆ ತಿಳಿಸುವುದು ನಿಮ್ಮ ಇಚ್ಛೆಗೆ ಬಿಟ್ಟದ್ದಲ್ಲ, ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಕಡ್ಡಾಯ.

ಬೆಂಬಲ ವ್ಯಕ್ತಿ:

ನಾನು ಪೋಕ್ಸೊ ಪ್ರಕರಣಗಳಲ್ಲಿ ಮಕ್ಕಳ ಬೆಂಬಲ ವ್ಯಕ್ತಿಯಾಗಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ಚರ್ಚೆಯಲ್ಲಿ ನನ್ನನ್ನು ಕಾಡಿದ ವಿಷಯವನ್ನು ಹೇಳಿಬಿಡುತ್ತೇನೆ. ಇದೇ ಹುಡುಗ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರೆ ಪೊಲೀಸರು 24 ಗಂಟೆಗಳೊಳಗೆ ಸಮಿತಿಗೆ ವರದಿ ಕೊಡಬೇಕಿತ್ತು. 2020ರ ನಿಯಮಗಳ ಪ್ರಕಾರ ಸಮಿತಿ ಅವನಿಗೆ ನನ್ನಂಥ ಒಬ್ಬರನ್ನು ಕೊಡುತ್ತಿತ್ತು. ಆಸ್ಪತ್ರೆಗೆ, ಠಾಣೆಗೆ, ನ್ಯಾಯಾಲಯಕ್ಕೆ ನಾನು ಜೊತೆಯಲ್ಲಿರುತ್ತಿದ್ದೆ. ಊಟ, ಬಟ್ಟೆ, ಪ್ರಯಾಣದ ತುರ್ತು ಖರ್ಚಿಗೆ ಸಮಿತಿಯ ಶಿಫಾರಸಿನ ಮೇಲೆ ವಿಶೇಷ ಪರಿಹಾರ, ವಿಶೇಷ ನ್ಯಾಯಾಲಯದಿಂದ ಮಧ್ಯಂತರ ಪರಿಹಾರ ಕೇಳಬಹುದಿತ್ತು. ಬೆಂಬಲ ವ್ಯಕ್ತಿಯ ನೇಮಕವನ್ನು ಐಚ್ಛಿಕವೆಂದು ನೋಡಬಾರದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಇದೆಲ್ಲ ಆಚರಣೆಯಲ್ಲಿ ಪೂರ್ತಿಯಾಗಿ ನಡೆಯುತ್ತಿದೆಯೆಂದು ನಾನು ಹೇಳಲಾರೆ, ಆದರೆ ಕೇಳಲು ಒಂದು ನಿಯಮವಿದೆ.

ಹಸಿವಿನಲ್ಲಿಟ್ಟ, ಬೀಡಿಯಿಂದ ಸುಟ್ಟ ಮಗುವಿಗೆ ಹಾಗೆ ಹೆಸರು ಹಿಡಿದು ನೇಮಿಸಿದ ಒಬ್ಬರಿಲ್ಲ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಕ್ರೌರ್ಯವನ್ನೂ ನಿರ್ಲಕ್ಷ್ಯವನ್ನೂ ಅಪರಾಧವೆನ್ನುತ್ತದೆ. ಮೇಷ್ಟ್ರೇ, ಆ ಕಲಂ ಅಡಿ ದೂರು ದಾಖಲಾಗಿದೆಯೇ ನೋಡಿ, ಅನೇಕ ಬಾರಿ ಮಗುವನ್ನು ಸ್ಥಳಾಂತರಿಸಿದ ಮೇಲೆ ಅದು ಮರೆತೇ ಹೋಗಿರುತ್ತದೆ. ಆದರೆ ದೂರು ದಾಖಲಾದರೂ ಜೊತೆಗೆ ನಡೆಯುವವರು ಯಾರು? ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರಿಗೆ ಇಡೀ ಜಿಲ್ಲೆ. ಹೀಗಾಗಿ ನಿರ್ಲಕ್ಷಿತ ಮಗು ವ್ಯವಸ್ಥೆಯೊಳಗೂ ನಿರ್ಲಕ್ಷಿತವಾಗಿಯೇ ಉಳಿಯುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಪ್ರಕರಣ ನಡೆಯುತ್ತಿರುವಾಗ ಮಗುವಿಗೆ ಚಿಕಿತ್ಸೆ ಕೊಡಿಸಿದರೆ “ಹೇಳಿಕೊಟ್ಟ ಸಾಕ್ಷಿ” ಎಂದು ಎದುರು ವಕೀಲರು ವಾದಿಸುತ್ತಾರೆಂದು ಹೆದರಿಸಿ, ಸಾಕ್ಷ್ಯ ಮುಗಿಯುವವರೆಗೂ ಮಗುವನ್ನು ವೈದ್ಯರಿಂದ ದೂರವಿಟ್ಟದ್ದನ್ನು ನಾನು ನೋಡಿದ್ದೇನೆ. ಒಂದು ವರ್ಷದಲ್ಲಿ ಮುಗಿಯಬೇಕಾದ ವಿಚಾರಣೆ ಎಳೆಯುತ್ತಾ ಹೋದರೆ ಮಗು ಅಷ್ಟೂ ಕಾಲ ಕಾಯಬೇಕೇ? ಚಿಕಿತ್ಸೆಯನ್ನು ತಡೆಯುವ ಯಾವ ಕಲಂ ಕೂಡ ಪೋಕ್ಸೊ ಕಾಯ್ದೆಯಲ್ಲಿಲ್ಲ.

ಅಂಗನವಾಡಿ ಟೀಚರ್:

ಎಲ್ಲರೂ ದೊಡ್ಡ ದೊಡ್ಡ ವಿಷಯ ಬರೆದಿದ್ದೀರಿ. ನಾನು ಅಜ್ಜಿಯ ಕಡೆಯಿಂದ ಬರೆಯುತ್ತೇನೆ, ಏಕೆಂದರೆ ಇಂಥ ಇಬ್ಬರು ಅಜ್ಜಿಯರ ಅರ್ಜಿಯನ್ನು ನಾನೇ ತುಂಬಿಸಿದ್ದೇನೆ.

ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಗ್ರಾಮೀಣ ಭಾಗದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಕೇಳಲು ಸುಲಭ. ಆದರೆ ತಾಯಿಯ ಮರಣ ಪ್ರಮಾಣಪತ್ರ ಬೇಕು, ಅದರಲ್ಲಿ ತಾಯಿಯ ಹೆಸರು ಒಂದು ರೀತಿ, ಮಗುವಿನ ಆಧಾರ್‌ನಲ್ಲಿ ಇನ್ನೊಂದು ರೀತಿ ಇರುತ್ತದೆ. ಮಗುವಿನ ಬ್ಯಾಂಕ್ ಖಾತೆ ಬೇಕು. ಆದಾಯ ಪತ್ರಕ್ಕೆ ನಾಡಕಚೇರಿ. ತಂದೆ ಬದುಕಿರುವುದರಿಂದ ಅವನ ಆದಾಯವೆಷ್ಟೆಂದು ಕೇಳುತ್ತಾರೆ, ಅವನು ಎಲ್ಲಿದ್ದಾನೆಂದೇ ಅಜ್ಜಿಗೆ ತಿಳಿದಿರುವುದಿಲ್ಲ. ಮೊದಲ ಅಜ್ಜಿ ನಾಲ್ಕು ಬಾರಿ ಜಿಲ್ಲಾ ಕೇಂದ್ರಕ್ಕೆ ಹೋಗಿ, ಪ್ರತಿ ಬಾರಿ ಒಂದು ದಿನದ ಕೂಲಿ ಕಳೆದುಕೊಂಡು, ಐದನೆಯ ಬಾರಿ ಬೇಡವೆಂದು ಕುಳಿತುಬಿಟ್ಟಳು. ಎರಡನೆಯ ಅಜ್ಜಿಗೆ ನಾನು ಎಲ್ಲ ಕಾಗದಗಳನ್ನೂ ಒಂದೇ ಬಾರಿ ಹೊಂದಿಸಿ, ಪಂಚಾಯಿತಿಯ ಮಹಿಳೆ ಮತ್ತು ಮಕ್ಕಳ ಕಾವಲು ಸಮಿತಿಯ ಸಭೆಯಲ್ಲಿ ವಿಷಯವಿಟ್ಟು, ಪಿಡಿಒ ಅವರ ಪತ್ರದೊಂದಿಗೆ ಕಳುಹಿಸಿದೆ, ಮಂಜೂರಾಯಿತು. ಮೇಷ್ಟ್ರೇ, ನಿಮ್ಮ ಊರಿನ ಅಂಗನವಾಡಿಯ ಅಕ್ಕನನ್ನು ಹಿಡಿಯಿರಿ. ಹಾಗೆಯೇ ಬಾಲಮಂದಿರದಲ್ಲಿದ್ದ ಎರಡು ತಿಂಗಳ ಹಾಜರಿ, ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಯಾವ ಶಾಲೆಯಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ.

ನಿವೃತ್ತ ಗುಮಾಸ್ತ:

ಬಾಲಮಂದಿರದ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ಹಿಂದೆ ಬರೆದ ಒಂದು ವಾಕ್ಯವನ್ನು, ಹೊಡೆತ ತಿಂದು ಬೆಳೆದವರ ಬಗೆಗಿನದನ್ನು, ಹಿಂತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ಅಲ್ಲ. ಅರ್ಜಿ ತುಂಬಿಸುವ ಕೆಲಸ ಮೂವತ್ತು ವರ್ಷ ಮಾಡಿದವನು ನಾನು. ಮೇಷ್ಟ್ರಿಗೆ ಒಪ್ಪಿಗೆಯಿದ್ದರೆ ಆ ಅಜ್ಜಿಯ ಕಾಗದಪತ್ರಗಳನ್ನು ನೋಡಿಕೊಡುತ್ತೇನೆ. ಹೆಸರಿನ ವ್ಯತ್ಯಾಸಕ್ಕೆ ಒಂದು ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಬಯಲುಸೀಮೆ ಮೇಷ್ಟ್ರು:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಗುಮಾಸ್ತರು ಫೋನಿನಲ್ಲಿಯೇ ಕಾಗದಗಳನ್ನೆಲ್ಲ ಸರಿಮಾಡಿಸಿದರು. ಅರ್ಜಿ ಜಿಲ್ಲೆಗೆ ಹೋಗಿದೆ, ಮಂಜೂರಾತಿ ಇನ್ನೂ ಬಂದಿಲ್ಲ. ಸಮಿತಿಗೆ ಬರೆದ ಪತ್ರಕ್ಕೆ ಹದಿನೆಂಟನೆಯ ದಿನ ಉತ್ತರ ಬಂದಿತು, ರಕ್ಷಣಾ ಘಟಕದವರು ಒಮ್ಮೆ ಮನೆಗೆ ಬಂದು ಹೋದರು. ದೊಡ್ಡಪ್ಪನ ಮೇಲೆ ದೂರು ದಾಖಲಾಗಿರಲೇ ಇಲ್ಲ, ಈಗ ಆಗಿದೆ. ಇದರಿಂದ ಊರಿನಲ್ಲಿ ನನ್ನನ್ನು ಮಾತನಾಡಿಸುವವರು ಇನ್ನಷ್ಟು ಕಡಿಮೆಯಾಗಿದ್ದಾರೆ.

ಹುಡುಗನ ಎಡಗಿವಿ ಸೋರುತ್ತಿತ್ತು. ಔಷಧ ನಡೆಯುತ್ತಿದೆ, ಅವನನ್ನು ಬಲಗಡೆಯ ಮೊದಲ ಸಾಲಿನ ಬದಲು ಎಡಗಡೆ ಕೂರಿಸಿದ್ದೇನೆ. ಬಲಗಿವಿ ನನ್ನ ಕಡೆಗಿದ್ದರೆ ಪಾಠ ಕೇಳಿಸುತ್ತದೆ. ಅಡುಗೆಯ ಅಮ್ಮನವರು ಒಂದು ಡಬ್ಬಿ ಕೊಟ್ಟಿದ್ದಾರೆ. ಈ ವೇದಿಕೆಯ ಮಾತನ್ನು ನಾನು ಅವರಿಗೆ ಓದಿ ಹೇಳಿದ್ದೆ. ಶನಿವಾರ ಅದು ತುಂಬಿ ಹೋಗುತ್ತದೆ, ಸೋಮವಾರ ಒಮ್ಮೊಮ್ಮೆ ತುಂಬಿಯೇ ಮರಳುತ್ತದೆ.

ತಾಲ್ಲೂಕು ಆಸ್ಪತ್ರೆಯ ಮಂಗಳವಾರಕ್ಕೆ ಮೂರು ಬಾರಿ ಹೋಗಿದ್ದಾರೆ. ಶಕ್ತಿ ಯೋಜನೆಯಿಂದ ಅಜ್ಜಿಗೂ ತಂಗಿಗೂ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಹುಡುಗನಿಗೆ ಮಾತ್ರ ಅರ್ಧ ಟಿಕೆಟ್. ಅದನ್ನು ಅವನೇ ಹಿಡಿದುಕೊಂಡು ಬಂದು ನನಗೆ ತೋರಿಸುತ್ತಾನೆ. ಅಲ್ಲಿಯ ಮನಃಶಾಸ್ತ್ರಜ್ಞೆ ಅವನ ಜೊತೆ ಚಿತ್ರ ಬರೆಯುತ್ತಾರಂತೆ. ಕಳೆದ ವಾರ ಅವರು ಬೇರೆ ಜಿಲ್ಲೆಗೆ ಹೋಗುತ್ತಾರೆಂಬ ಸುದ್ದಿ ಆಸ್ಪತ್ರೆಯಲ್ಲಿ ಅಜ್ಜಿಯ ಕಿವಿಗೆ ಬಿದ್ದಿದೆ. ನಿನ್ನೆ ಹುಡುಗ, ಇಷ್ಟು ದಿನಗಳಲ್ಲಿ ಮೊದಲ ಬಾರಿ ತಾನಾಗಿಯೇ ನನ್ನ ಬಳಿಗೆ ಬಂದು, “ಮುಂದಿನ ಮಂಗಳವಾರ ಅದೇ ಮೇಡಂ ಇರ್ತಾರಾ ಸರ್?” ಎಂದು ಕೇಳಿದ. ಏನೆಂದು ಹೇಳಲಿ?

ಜಿಲ್ಲಾಸ್ಪತ್ರೆಯ ಮನೋವೈದ್ಯೆ:

ಇರುತ್ತಾರೆಂದು ಹೇಳಬೇಡಿ. ಗೊತ್ತಿಲ್ಲ, ವಿಚಾರಿಸಿ ಗುರುವಾರದೊಳಗೆ ತಿಳಿಸುತ್ತೇನೆ ಎನ್ನಿ, ಗುರುವಾರದೊಳಗೆ ತಪ್ಪದೆ ತಿಳಿಸಿ. ಹೋಗುವುದು ನಿಜವಾದರೆ ಆಕೆಯೇ ಅವನಿಗೆ ವಿದಾಯ ಹೇಳುವಂತೆ ಕೇಳಿಕೊಳ್ಳೋಣ. ನಾನು ಅವರ ಜೊತೆ ಮಾತನಾಡುತ್ತೇನೆ. ಬರೆದ ಚಿತ್ರಗಳನ್ನು ಅವನ ಕೈಗೇ ಕೊಡಲಿ. ಹೊಸಬರಿಗಾಗಿ ಒಂದು ಹಾಳೆ ಸಿದ್ಧಪಡಿಸಬೇಕು: ನಡೆದದ್ದು ಏನು, ಈವರೆಗೆ ಏನು ಮಾಡಿದ್ದೇವೆ, ಅವನಿಗೆ ಯಾವುದು ಹಿಡಿಸುತ್ತದೆ, ಯಾವುದಕ್ಕೆ ಬೆಚ್ಚುತ್ತಾನೆ. ಅದು ಮೊಹರು ಮಾಡಿದ ಲಕೋಟೆಯಲ್ಲಿ ನೇರವಾಗಿ ಅವರ ಕೈಗೆ ಹೋಗಬೇಕು. ಮೇಲ್ತುದಿಯಲ್ಲಿ ದಪ್ಪಕ್ಷರದಲ್ಲಿ “ಮಗುವನ್ನು ಮತ್ತೆ ಕೇಳಬೇಡಿ” ಎಂದಿರಲಿ. ನಮೂನೆಯನ್ನು ಇಂದು ರಾತ್ರಿ ಕಳುಹಿಸುತ್ತೇನೆ. ಬಾಲಮಂದಿರದ ತಮ್ಮನಿಗೆ ಬಿಡುವಿದ್ದರೆ ಅದನ್ನು ಒಮ್ಮೆ ಓದಿ, ಬಿಟ್ಟುಹೋದದ್ದನ್ನು ಸೇರಿಸಲಿ.

ಬಾಲಮಂದಿರದ ಹಳೆಯ ಹುಡುಗ:

ಕಳುಹಿಸಿ ಮೇಡಂ. ರಾತ್ರಿ ಪಾಳಿ ಹತ್ತು ಗಂಟೆಗೆ, ಅದಕ್ಕೂ ಮೊದಲೇ ಓದುತ್ತೇನೆ.